ವಿಜಯಪುರದ ವಸಂತದಲ್ಲಿ ಮದುವೆಯಾಗದ ಯುವಕ

ಮದುವೆಯಾಗದ ಯುವಕರ ಬಗ್ಗೆ ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಕೊರತೆಯ ಚರ್ಚೆಯಾಗಿಯೇ ಉಳಿದಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ರೈತ ಯುವಕರು ಕನ್ಯೆ ದೊರೆಯಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಾಡೆಲ್ಲ ಅದನ್ನು ಗಮನಿಸಿತು; ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವ ಮಾತು ಟಿಕೋಟಾ, ಬಬಲೇಶ್ವರ ತಾಲೂಕುಗಳ ಕಟ್ಟೆಗಳ ಮೇಲೂ ಕೇಳಿಬರುತ್ತದೆ. ಆ ನೋವು ನಿಜವಾದದ್ದು. ಆದರೆ ಲಗ್ನಕ್ಕೆ ಮುಂಚಿನ ವರ್ಷಗಳನ್ನೆಲ್ಲ ಬರೀ ಕಾಯುವ ವರ್ಷಗಳೆಂದು ಎಣಿಸಿದರೆ, ಊರು ಮತ್ತು ಋತು ಆ ವಯಸ್ಸಿಗೆ ಧಾರಾಳವಾಗಿ ಕೊಡುವ ಸುಖಗಳು ಲೆಕ್ಕಕ್ಕೆ ಬಾರದೆ ಹೋಗುತ್ತವೆ.

ಪಂಚಾಂಗದಲ್ಲಿ ಚೈತ್ರ ಮತ್ತು ವೈಶಾಖ ಮಾಸಗಳು ವಸಂತ ಋತುವಾದರೂ, ವಿಜಯಪುರದ ಬಯಲಿನಲ್ಲಿ ಅದರ ಹಿತವಾದ ಅವಧಿ ಶಿವರಾತ್ರಿಯ ಸುಮಾರಿಗೆ ಆರಂಭವಾಗಿ ಯುಗಾದಿ ಕಳೆದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ; ಏಪ್ರಿಲ್ ನಡುವಿನ ಹೊತ್ತಿಗೆ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಈ ನಡುವೆ ಬೇವಿನ ಮರ ಎಲೆ ಉದುರಿಸಿ, ಕೆಂಪು ಛಾಯೆಯ ಚಿಗುರು ತಳೆದು, ಬಿಳಿಯ ಸಣ್ಣ ಹೂಗಳನ್ನು ಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಹೂವಿನ ವಾಸನೆ ಓಣಿಯ ತುಂಬ ಹರಡುವುದರಿಂದ, ಇಲ್ಲಿನ ವಸಂತವನ್ನು ಕಣ್ಣಿಗಿಂತ ಮೂಗು ಹೆಚ್ಚು ಬಲ್ಲದು. ಹಗಲು ಒಳಗಿದ್ದು ಮುಂಜಾನೆ ಹಾಗೂ ಸಂಜೆ ಹೊರಬೀಳುವುದು ಈ ದಿನಗಳ ಕ್ರಮವಾಗಿರುವುದರಿಂದ, ಮನೆಗೆ ಹಿಂದಿರುಗುವ ಅವಸರವಿಲ್ಲದ ಯುವಕನಿಗೆ ಈ ಋತು ತಾನಾಗಿಯೇ ಒದಗಿಬರುತ್ತದೆ.

ಓದಲು ಇಲ್ಲವೆ ದುಡಿಯಲು ಹಳ್ಳಿಯಿಂದ ನಗರಕ್ಕೆ ಬಂದು ಬಾಡಿಗೆ ರೂಮು ಹಿಡಿದವನ ಊಟದ ವ್ಯವಸ್ಥೆ ಬಹಳ ಸಲ ಖಾನಾವಳಿಯದು. ನಿಗದಿತ ದರಕ್ಕೆ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮೊಸರು ಬಡಿಸುವ ಈ ಊಟದ ಮನೆಗಳಲ್ಲಿ ಎರೆಹೊಲದ ಹಕ್ಕರಕಿ ಸೊಪ್ಪನ್ನೂ ಮೆಂತ್ಯದ ಎಳೆ ಸೊಪ್ಪನ್ನೂ ಹಸಿಯಾಗಿಯೇ ತಟ್ಟೆಯ ಬದಿಗೆ ಇಡುವ ರೂಢಿಯಿದೆ. ಆ ಮೆಂತ್ಯವನ್ನು ರೂಮಿನ ಮಾಳಿಗೆಯ ಮೇಲೇ ಬೆಳೆದುಕೊಳ್ಳುವುದು ಕಷ್ಟವೇನಲ್ಲ. ಒಂಟಿ ಯುವಕನ ಕೈತೋಟಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಕೈತೋಟದಲ್ಲಿ ಮೊದಲು ತಿಳಿಯಬೇಕಾದದ್ದು ಮಣ್ಣಿನ ಗುಣ. ಈ ಭಾಗದ ಎರೆಮಣ್ಣು, ಎಂದರೆ ಕಪ್ಪು ಜಿಗುಟು ಮಣ್ಣು, ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಹಿಂಗಾರಿ ಜೋಳಕ್ಕೆ ತೇವ ಹಿಡಿದಿಟ್ಟುಕೊಡುವ ಇದೇ ಮಣ್ಣು ಕುಂಡದಲ್ಲಿ ತೊಂದರೆ ಕೊಡುತ್ತದೆ: ಎರಡು ದಿನ ನೀರು ತಪ್ಪಿದರೆ ಮಣ್ಣಿನ ಹೆಂಟೆ ಕುಂಡದ ಅಂಚು ಬಿಟ್ಟು ಒಳಗೆ ಸರಿಯುತ್ತದೆ, ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ, ಬೇರು ಮಾತ್ರ ಒಣಗಿಯೇ ಉಳಿಯುತ್ತದೆ. ನೀರು ಹರಿದುಬಂದದ್ದನ್ನು ಕಂಡು ಗಿಡಕ್ಕೆ ಸಾಕಾಯಿತೆಂದು ತಿಳಿಯುವ ಹೊಸಬರು ಇಲ್ಲಿಯೇ ಸೋಲುತ್ತಾರೆ. ಎರೆಮಣ್ಣಿಗೆ ಸಮನಾಗಿ ಉಸುಕು, ಅಷ್ಟೇ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಮೇಲೆ ಶೇಂಗಾ ಸಿಪ್ಪೆಯ ಹೊದಿಕೆ ಹರಡಿದರೆ ಈ ದೋಷ ಬಹಳಷ್ಟು ತಗ್ಗುತ್ತದೆ. ಬೋರ್‌ವೆಲ್ ನೀರು ಸವಳಾಗಿದ್ದ ಕಡೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಆಗಾಗ ಒಮ್ಮೆ ಧಾರಾಳವಾಗಿ ನೀರು ಹಾಯಿಸಿ ಆ ಉಪ್ಪನ್ನು ತಳದಿಂದ ಹೊರಹಾಕಬೇಕಾಗುತ್ತದೆ. ರಾತ್ರಿ ನೆನೆಯಿಟ್ಟ ಮೆಂತ್ಯದ ಕಾಳು ಬಿತ್ತಿದ ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣಿಸಿ, ಸುಮಾರು ತಿಂಗಳೊಳಗೆ ಸೊಪ್ಪು ಕೊಡುತ್ತದೆ. ಸಂತೆಯಲ್ಲಿ ಕೊಂಡ ಪುದೀನದ ಕಡ್ಡಿಗಳು ನೀರಿನ ಲೋಟದಲ್ಲಿಯೇ ಬೇರು ಬಿಡುತ್ತವೆ. ಚಳಿಗಾಲದ ಕೊನೆಗೆ ಸವರಿದ ದುಂಡುಮಲ್ಲಿಗೆ ಬಿಸಿಲೇರಿದಂತೆ ಮೊಗ್ಗು ಕಟ್ಟುತ್ತದೆ.

ನೀರಿನ ಕೊರತೆಯ ನಡುವೆ ತೋಟ ಮಾಡುವ ವಿದ್ಯೆ ಈ ನಗರಕ್ಕೆ ಹೊಸದಲ್ಲ. ಇಲ್ಲಿ ಆಳಿದ ಆದಿಲಶಾಹಿಗಳು ಪಕ್ಕದ ತೊರವಿಯ ಕಡೆಯಿಂದ ಕರೇಜ್ ಎಂಬ ನೆಲದಡಿಯ ಸುರಂಗ ಕಾಲುವೆಯ ಮೂಲಕವೂ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್‌ನಿಂದ ಸುಟ್ಟ ಮಣ್ಣಿನ ಕೊಳವೆಗಳ ಮೂಲಕವೂ ನೀರು ತಂದರು. ಬಬಲೇಶ್ವರ ತಾಲೂಕಿನ ಮಮದಾಪುರದ ದೊಡ್ಡ ಕೆರೆಯೂ ಮುಹಮ್ಮದ್ ಆದಿಲಶಾಹನ ಕಾಲದ್ದೇ. ಯುಗಾದಿಯ ಸುಮಾರಿಗೆ ಬೈಕಿನಲ್ಲಿ ಗೆಳೆಯರೊಡನೆ ಮುಂಜಾನೆಯೇ ಹೋಗಿ ಬಿಸಿಲೇರುವ ಮುಂಚೆ ಮರಳಲು ಅದು ತಕ್ಕ ಜಾಗ.

ಸಂಗೀತದ ಮಾತಿಗೆ ಬಂದರೆ, ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರು ಎಲ್ಲರಿಗೂ ಮೊದಲು ನೆನಪಾಗುತ್ತದೆ. ದಖನಿ ಭಾಷೆಯಲ್ಲಿ ರಾಗಗಳ ಹೆಸರಿನಡಿ ಪದಗಳನ್ನು ರಚಿಸಿ 'ಕಿತಾಬ್-ಎ-ನೌರಸ್' ಎಂಬ ಗ್ರಂಥವನ್ನು ಕೊಟ್ಟ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ ಈ ಅರಸು 1599ರಲ್ಲಿ ನಗರದ ಪಶ್ಚಿಮಕ್ಕೆ ನವರಸಪುರವನ್ನು ಕಟ್ಟಲು ತೊಡಗಿದನು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಉಳಿದಿರುವ ಸಂಗೀತ ಮಹಲನ್ನು ನೋಡಲೇಬೇಕು. ಆದರೂ ಇಂದಿನ ಯುವಕನಿಗೆ ಜೀವಂತ ಸಂಗೀತ ಸಿಗುವುದು ಅರಮನೆಯಲ್ಲಿ ಅಲ್ಲ, ಓಣಿಯ ಗುಡಿಯಲ್ಲಿ. ಹೋಳಿಯ ದಿನಗಳ ಹಲಗಿಯ ಬಡಿತ, ಕಂದಗಲ್ ಹನುಮಂತರಾಯ ರಂಗಮಂದಿರದ ಕಾರ್ಯಕ್ರಮಗಳು, ಜಾತ್ರೆಗೆ ಬರುವ ಶ್ರೀಕೃಷ್ಣ ಪಾರಿಜಾತದ ಆಟದ ಮೇಳ ಇವೆಲ್ಲ ಇದ್ದರೂ, ಅವೆಲ್ಲಕ್ಕೂ ಮಿಗಿಲಾದದ್ದು ಭಜನೆ.

ಭಜನಾ ಮೇಳ ಎಂದರೆ ಪೇಟಿ, ತಬಲಾ ಇಲ್ಲವೆ ದಮ್ಮಡಿ, ಏಕತಾರಿ ಮತ್ತು ತಾಳಗಳೊಡನೆ ಹನುಮಂತ ದೇವರ ಇಲ್ಲವೆ ಬಸವಣ್ಣನ ಗುಡಿಯಲ್ಲಿ ವಾರದ ಗೊತ್ತಾದ ದಿನ ರಾತ್ರಿ ಸೇರುವ ಹಾಡುಗಾರರ ಕೂಟ. ಅಲ್ಲಿ ಹಾಡುವುದು ಹೆಚ್ಚಾಗಿ ತತ್ವಪದಗಳನ್ನು, ಎಂದರೆ ದೇಹ, ಮನಸ್ಸು, ಗುರು, ಮರಣಗಳ ವಿಚಾರವನ್ನು ಮನೆ, ಬಾವಿ, ಬಂಡಿಗಳಂಥ ದಿನಬಳಕೆಯ ವಸ್ತುಗಳ ನೆಪದಲ್ಲಿ ಹೇಳುವ ಪದಗಳನ್ನು. ಶಿಶುನಾಳ ಷರೀಫರೂ ಕಡಕೋಳ ಮಡಿವಾಳಪ್ಪನವರೂ ಇಂಥ ಪದಗಳ ದೊಡ್ಡ ಕರ್ತೃಗಳು. ಒಬ್ಬರು ನುಡಿ ಎತ್ತಿಕೊಟ್ಟಾಗ ಉಳಿದವರು ಪಲ್ಲವನ್ನು ತಿರುಗಿಸಿ ಹಾಡುತ್ತಾರೆ. ಲಯ ನಿಧಾನವಾಗಿ ಆರಂಭವಾಗಿ ಏರುತ್ತ ಹೋಗಿ, ತುದಿಯಲ್ಲಿ ತಾಳದ ಸಪ್ಪಳವೇ ಮಾತನ್ನು ಮುಳುಗಿಸಿ ಒಮ್ಮೆಲೇ ನಿಲ್ಲುತ್ತದೆ. ಶ್ರುತಿಜ್ಞಾನ ಇಲ್ಲದವನಿಗೂ ಇಲ್ಲಿ ಜಾಗವಿದೆ. ಎರಡು ತಾಳ ಕೈಗೆ ಕೊಟ್ಟು ಕೂರಿಸಿದರೆ ಹೊಸಬನು ಕೆಲವು ವಾರಗಳಲ್ಲಿ ಹಿಮ್ಮೇಳದವನಾಗುತ್ತಾನೆ; ಊರು ಬಿಟ್ಟು ಬಂದು ಗುರುತಿನವರಿಲ್ಲದ ಹುಡುಗನನ್ನು ಹೆಸರು ಹಿಡಿದು ಕರೆಯುವವರು ಹತ್ತು ಮಂದಿ ದೊರೆಯುತ್ತಾರೆ. ಮೊಬೈಲಿನಲ್ಲಿ ಕೇಳುವ ಯಾವ ಹಾಡೂ ಇದನ್ನು ಕೊಡಲಾರದು.

ನಗರದ ಹೊರಗೆ, ಟಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಇದೇ ವಸಂತದ ದಿನಗಳು ಕಟಾವಿನವು. ಕೊಯ್ದ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಲರಿಗಳ ಮೇಲೆ ನೆರಳಿನಲ್ಲಿ ಹರಡಿದರೆ ಎರಡು ವಾರದ ಸುಮಾರಿಗೆ ಒಣದ್ರಾಕ್ಷಿಯಾಗುತ್ತದೆ. ಒಂದು ಕಿಲೋಗೆ ನಾಲ್ಕು ಕಿಲೋದಷ್ಟು ಹಸಿ ಹಣ್ಣು ಬೇಕು. ಕಟಾವು ಮುಗಿದೊಡನೆ ಏಪ್ರಿಲ್ ಚಾಟ್ನಿ, ಎಂದರೆ ಬಳ್ಳಿಯನ್ನು ಒಂದೆರಡು ಕಣ್ಣು ಬಿಟ್ಟು ಸವರುವ ಕೆಲಸ ನಡೆಯುತ್ತದೆ. ಆಗ ಮೂಡುವ ಹೊಸ ಕಡ್ಡಿಯ ಕಣ್ಣುಗಳಲ್ಲಿ ಬೇಸಿಗೆಯ ಬೆಳಕಿನಿಂದಲೇ ಮುಂದಿನ ವರ್ಷದ ಗೊನೆಯ ಮೂಲ ರೂಪುಗೊಳ್ಳುತ್ತದೆ, ಅಕ್ಟೋಬರ್ ಚಾಟ್ನಿಯ ನಂತರ ಅದು ಹೊರಬರುತ್ತದೆ. ಶೆಡ್ಡಿನಲ್ಲಿ ದುಡಿಯುವ ಯುವಕ ಯುಗಾದಿಯ ಬೇವಿಗೆ, ಎಂದರೆ ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಪುಠಾಣಿ ಹಿಟ್ಟು ಕೂಡಿಸಿ ಕದಡಿದ ಪಾನಕಕ್ಕೆ, ತಾನೇ ಒಣಗಿಸಿದ ದ್ರಾಕ್ಷಿಯನ್ನು ಹಾಕಿ ಗೆಳೆಯರಿಗೆ ಹಂಚುವ ಸಂತೋಷ ಬೇರೆಯವರಿಗೆ ಸುಲಭವಾಗಿ ದಕ್ಕುವಂಥದ್ದಲ್ಲ.

ಇಷ್ಟೆಲ್ಲ ಸುಖಗಳಿಗೆ ದೊಡ್ಡ ಖರ್ಚು ಇಲ್ಲ. ಬೇಕಾದದ್ದು ಸ್ವಲ್ಪ ಜಾಗ, ಸ್ವಲ್ಪ ನಂಬಿಕೆ. ನಗರದಲ್ಲಿ ಮದುವೆಯಾಗದವರಿಗೆ ಮನೆ ಕೊಡಲು ಅಳುಕುವ ಮಾಲೀಕರು, ಕೊಟ್ಟ ಮೇಲೂ ಮಾಳಿಗೆಗೆ ಬೀಗ ಹಾಕುವವರು ಇದ್ದಾರೆ. ಈ ಯುಗಾದಿಗೆ ಅವರು ಮಾಳಿಗೆಯ ಒಂದು ಮೂಲೆಯನ್ನೂ ಸಂಜೆಗೆ ಎರಡು ಕೊಡ ನೀರನ್ನೂ ರೂಮಿನ ಹುಡುಗರಿಗೆ ಬಿಟ್ಟುಕೊಡಲಿ, ಓಣಿಯ ಭಜನೆ ಎಂದು ನಡೆಯುತ್ತದೆಂಬುದನ್ನು ತಾವಾಗಿಯೇ ತಿಳಿಸಲಿ.