ಡೊಮೇನ್ ಹೆಸರು: ಅಂತರಜಾಲದ ವಿಳಾಸ ಮತ್ತು ಅದರ ಒಡೆತನ

ವಿಸಿಟಿಂಗ್ ಕಾರ್ಡಿನಲ್ಲಿ ಮಳಿಗೆಯ ವಿಳಾಸದ ಕೆಳಗೆ ಜಾಲತಾಣದ ವಿಳಾಸವನ್ನೂ ಮುದ್ರಿಸುವುದು ಸಣ್ಣ ಉದ್ದಿಮೆಗಳಲ್ಲಿಯೂ ರೂಢಿಗೆ ಬಂದಿದೆ. ಆದರೆ ಆ ವಿಳಾಸವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ವಿಚಾರಿಸಿ ನೋಡಿದ ವರ್ತಕರು ವಿರಳ. ಮಳಿಗೆಯ ಕ್ರಯಪತ್ರವನ್ನು ಹತ್ತು ಬಾರಿ ಓದಿಸುವವರೂ ಈ ವಿಷಯವನ್ನು ಜಾಲತಾಣ ನಿರ್ಮಿಸಿಕೊಟ್ಟವರಿಗೇ ಬಿಟ್ಟುಬಿಡುತ್ತಾರೆ.

ಅಂತರಜಾಲದಲ್ಲಿ ಗಣಕಯಂತ್ರಗಳು ಪರಸ್ಪರ ಗುರುತಿಸುವುದು ಹೆಸರಿನಿಂದಲ್ಲ, ಐಪಿ ವಿಳಾಸವೆಂಬ ಅಂಕಿಗಳಿಂದ. 203.0.113.25 ಎಂಬುದು ಅಂತಹ ವಿಳಾಸದ ಒಂದು ಮಾದರಿ. ಹೆಸರನ್ನು ಈ ಅಂಕಿಗೆ ಪರಿವರ್ತಿಸಿಕೊಡುವ ವ್ಯವಸ್ಥೆಯೇ ಡೊಮೇನ್ ನೇಮ್ ಸಿಸ್ಟಂ, ಅಂದರೆ ಡಿಎನ್‌ಎಸ್. ಅಮೆರಿಕದ ಅರ್ಪಾನೆಟ್ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರುಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಜಾಲವು ಬೆಳೆದಂತೆ ಆ ಒಂದು ಖಾತೆಪುಸ್ತಕ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಕೆಲಸವನ್ನು ಹಲವರಲ್ಲಿ ಹಂಚುವ ಈಗಿನ ಪದ್ಧತಿಯನ್ನು ರೂಪಿಸಿದರು.

ಪೀಣ್ಯದ ಯಂತ್ರಭಾಗ ತಯಾರಕರೊಬ್ಬರ ಡಾಟ್ ಕಾಂ ವಿಳಾಸವನ್ನು ಕೊಯಮತ್ತೂರಿನ ಖರೀದಿದಾರರು ಬೆರಳಚ್ಚಿಸಿದರೆಂದು ಭಾವಿಸಬಹುದು. ಅವರ ಅಂತರಜಾಲ ಸೇವಾ ಸಂಸ್ಥೆಯ ಯಂತ್ರವು ಮೊದಲು ರೂಟ್ ಸರ್ವರ್ ಒಂದನ್ನು ಕೇಳುತ್ತದೆ. ರೂಟ್ ಸರ್ವರ್‌ಗಳಿಗೆ ಇರುವ ಹೆಸರುಗಳು 13 ಮಾತ್ರವಾದರೂ, ಅವುಗಳ ಪ್ರತಿರೂಪಗಳು ಜಗತ್ತಿನಾದ್ಯಂತ ಹರಡಿವೆ. ರೂಟ್ ಸರ್ವರ್‌ಗೆ ತಯಾರಕರ ವಿಳಾಸ ತಿಳಿಯದು. ಡಾಟ್ ಕಾಂ ದಾಖಲೆಯನ್ನಿಟ್ಟಿರುವ ಸರ್ವರ್‌ನತ್ತ ಅದು ಕೈತೋರಿಸುತ್ತದೆ. ಆ ಸರ್ವರ್ ತಯಾರಕರ ನೇಮ್ ಸರ್ವರ್ ಯಾವುದೆಂದು ತಿಳಿಸುತ್ತದೆ. ಅಂಕಿಯನ್ನು ಕೊಡುವುದು ಈ ಕೊನೆಯ ಸರ್ವರ್. ಅಂದರೆ ಹೆಸರನ್ನು ಓದುವ ಕ್ರಮ ಬಲದಿಂದ ಎಡಕ್ಕೆ. ದೊರೆತ ಉತ್ತರವನ್ನು ನಿಗದಿತ ಅವಧಿಯವರೆಗೆ ನೆನಪಿನಲ್ಲಿಟ್ಟುಕೊಳ್ಳಲಾಗುವುದರಿಂದ, ಜಾಲತಾಣವನ್ನು ಬೇರೆ ಯಂತ್ರಕ್ಕೆ ಸ್ಥಳಾಂತರಿಸಿದಾಗ ಕೆಲವು ಗ್ರಾಹಕರಿಗೆ ಕೆಲವು ಗಂಟೆಗಳ ಕಾಲ ಹಳೆಯ ಪುಟವೇ ಕಾಣಬಹುದು. ಕಂಪನಿಯ ಇ-ಮೇಲ್ ಎಲ್ಲಿಗೆ ತಲುಪಬೇಕೆಂಬುದೂ ಇದೇ ನೇಮ್ ಸರ್ವರ್‌ನಲ್ಲಿ ದಾಖಲಾಗಿರುತ್ತದೆ.

ಆದ್ದರಿಂದ ನೋಂದಣಿ ಖಾತೆಯ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಜಾಲತಾಣವೂ ಪತ್ರವ್ಯವಹಾರವೂ ಇರುತ್ತವೆ. ಡೊಮೇನ್ ಹೆಸರು ಕ್ರಯಕ್ಕೆ ಪಡೆದ ಸ್ವತ್ತಲ್ಲ. ಒಂದರಿಂದ ಹತ್ತು ವರ್ಷಗಳವರೆಗಿನ ಗೇಣಿ ಎನ್ನುವುದೇ ಸರಿ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿನ ನವೀಕರಣವನ್ನು ಮರೆತು, ಹೊರಗಿನವರೊಬ್ಬರು 35 ಡಾಲರ್ ಕಟ್ಟಿ ಅದನ್ನು ಉಳಿಸಿಕೊಟ್ಟಿದ್ದರು. ಎಲ್ಲರಿಗೂ ಅಂತಹ ಉಪಕಾರಿ ಸಿಗಲಾರರು. ಡಾಟ್ ಕಾಂ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಸಂಸ್ಥೆ ಗರಿಷ್ಠ 45 ದಿನ ಕಾಯಬಹುದು, ಕಾಯಲೇಬೇಕೆಂದಿಲ್ಲ. ಹೆಸರನ್ನು ಅಳಿಸಿದ ನಂತರದ 30 ದಿನಗಳಲ್ಲಿ ಹೆಚ್ಚಿನ ಶುಲ್ಕ ತೆತ್ತು ಹಿಂಪಡೆಯಲು ಸಾಧ್ಯ. ಅದರ ಮೇಲೆ ಐದು ದಿನ ಕಳೆದರೆ ಹೆಸರು ಮೊದಲು ಬಂದವರ ಪಾಲು. ಅವಧಿಯ ಸೂಚನೆಗಳು ಸಾಮಾನ್ಯವಾಗಿ ನೋಂದಾಯಿತ ಇ-ಮೇಲ್‌ಗೆ ಬರುತ್ತವೆ. ಆ ಇ-ಮೇಲ್ ಅದೇ ಡೊಮೇನಿನದಾಗಿದ್ದರೆ, ಹೆಸರು ಸ್ಥಗಿತಗೊಂಡ ನಂತರದ ಸೂಚನೆ ತಲುಪುವುದೇ ಇಲ್ಲ!

ಒಂದೇ ರೀತಿಯ ಹೆಸರಿನ ವಿವಾದಗಳಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾದ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ಮೊಕದ್ದಮೆ ಮುಖ್ಯವಾದುದು. 2004ರಲ್ಲಿ ಸುಪ್ರೀಂ ಕೋರ್ಟ್, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆಯುಂಟೆಂದು ತೀರ್ಪಿತ್ತಿತು. ಭಾರತದ ಡಾಟ್ ಇನ್ ಹೆಸರುಗಳನ್ನು 2005ರಿಂದ ನಿಕ್ಸಿ ಸಂಸ್ಥೆಯು ನಿರ್ವಹಿಸುತ್ತಿದ್ದು, ಅವುಗಳ ವಿವಾದಗಳಿಗೆ ಪ್ರತ್ಯೇಕ ಪಂಚಾಯ್ತಿಯ ವ್ಯವಸ್ಥೆಯಿದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ವಿಸ್ತರಣೆಯೂ ಉಂಟು.

ನೋಂದಣಿದಾರರ ಹೆಸರನ್ನು ಸಾರ್ವಜನಿಕ ಶೋಧದಲ್ಲಿ ಈಗ ಬಹುಪಾಲು ಮರೆಮಾಡಲಾಗುತ್ತದೆ. ಆದುದರಿಂದ ರಿಜಿಸ್ಟ್ರಾರ್ ಖಾತೆಯನ್ನು ತೆರೆದೇ ನೋಡಬೇಕು. ಅಲ್ಲಿ ವಿನ್ಯಾಸಕಾರರ ಹೆಸರಿದ್ದರೆ, ಬಾಂಧವ್ಯ ಚೆನ್ನಾಗಿರುವಾಗಲೇ ಅದನ್ನು ಸಂಸ್ಥೆಯ ಹೆಸರಿಗೆ ಬದಲಾಯಿಸಿಕೊಂಡು, ಖಾತೆಯ ಪಾಸ್‌ವರ್ಡನ್ನೂ ನವೀಕರಣದ ರಸೀದಿಗಳನ್ನೂ ಪರವಾನಗಿ ಕಾಗದಗಳ ಜೊತೆಯಲ್ಲಿಯೇ ಇರಿಸಿಕೊಳ್ಳತಕ್ಕದ್ದು.