ತಾಳ ತಪ್ಪಿದ ಹೃದಯ

ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ಬಳಿ, ಮೂರು ಬೆರಳುಗಳನ್ನಿಟ್ಟು ನಾಡಿ ನೋಡಿದರೆ ಬಡಿತಗಳು ಸಮಾನ ಅಂತರದಲ್ಲಿ ಬರುವುದು ನಮಗೆ ತಿಳಿಯುತ್ತದೆ. ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಹಾಗಿರುವುದಿಲ್ಲ. ಒಂದು ಬೇಗ, ಒಂದು ತಡ, ಯಾವ ಲೆಕ್ಕಕ್ಕೂ ಸಿಕ್ಕದು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ ಸುಮ್ಮನೆ ಅದುರುತ್ತಿರುವ ಈ ಸ್ಥಿತಿಯನ್ನು ಹೃತ್ಕರ್ಣ ಕಂಪನವೆನ್ನಬಹುದು. ರೋಗಿಗೆ ಇದರ ಅರಿವೇ ಇಲ್ಲದಿರುವುದೂ ಉಂಟು. ಆದರೆ ಇದರಿಂದ ಮೆದುಳಿಗೆ ದೊಡ್ಡ ಅಪಾಯವಿದೆ.

ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಹೆಬ್ಬೆರಳಿನಷ್ಟು ಗಾತ್ರದ ಒಂದು ಚೀಲವಿದೆ. ಕೋಣೆ ಹಿಂಡದಿದ್ದಾಗ ಅದರಲ್ಲಿ ರಕ್ತ ಮಡುವಿನ ನೀರಿನಂತೆ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪಿನ ತುಣುಕೊಂದು ಕಳಚಿ, ಕೊರಳಿನ ಧಮನಿಯನ್ನೇರಿ, ಮೆದುಳಿನ ನಾಳವನ್ನು ಮುಚ್ಚಿತೆಂದರೆ ಪಾರ್ಶ್ವವಾಯು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಗಮನಿಸಿದ ಸಂಶೋಧಕರು, ಕಂಪನವಿದ್ದವರಲ್ಲಿ ಇದರ ಸಂಭವ ಸುಮಾರು 5 ಪಟ್ಟು ಹೆಚ್ಚೆಂದು 1991ರಲ್ಲಿ ತಿಳಿಸಿದರು.

ಇದನ್ನು ತಡೆಯುವ ಮದ್ದು ದೊರೆತ ಬಗೆ ವಿಚಿತ್ರವಾದುದು. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ, ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವನ್ನು ತಿಂದ ದನಗಳು ಕೊಂಬು ಕೊಯ್ದಷ್ಟಕ್ಕೇ ರಕ್ತ ಸುರಿದು ಸಾಯುತ್ತಿದ್ದವು. 1933ರಲ್ಲಿ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಅವರಲ್ಲಿಗೆ ಬಂದನು. ಕಾರಣವಾದ ಪದಾರ್ಥ ಅವರ ಪ್ರಯೋಗಶಾಲೆಯಲ್ಲಿ ಹರಳಾಗಿ ದೊರೆತುದು 1939ರಲ್ಲಿ. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿಯೂ, 1954ರಲ್ಲಿ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂದಿತು.

ಇದನ್ನು ರಕ್ತ ತೆಳುವಾಗಿಸುವ ಗುಳಿಗೆಯೆಂದು ಜನ ಕರೆಯುತ್ತಾರೆ. ಭೌತಶಾಸ್ತ್ರ ಕಲಿಸುವ ನಮಗೆ ಈ ಹೆಸರು ಒಪ್ಪಿಗೆಯಾಗದು. ರಕ್ತದ ಸ್ನಿಗ್ಧತೆ ಬದಲಾಗುವುದಿಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೆ. ಹೆಪ್ಪಿಗೆ ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ಕೆ ಜೀವಸತ್ವದ ನೆರವಿನಿಂದ ಸಿದ್ಧಗೊಳಿಸುತ್ತದೆ. ವಾರ್ಫರಿನ್ ಆ ನೆರವನ್ನು ತಗ್ಗಿಸುತ್ತದೆ. ಸೊಪ್ಪಿನಲ್ಲಿ ಈ ಜೀವಸತ್ವ ಹೇರಳ. ಸೊಪ್ಪನ್ನು ಬಿಡಬೇಕಾಗಿಲ್ಲ, ಒಂದು ವಾರ ದಿನವೂ ಸೊಪ್ಪಿನ ಹುಳಿ, ಮರುವಾರ ಸೊಪ್ಪೇ ಇಲ್ಲ ಎಂಬಂತಾದರೆ ಮಾತ್ರ ಗುಳಿಗೆಯ ಲೆಕ್ಕ ಕೆಡುತ್ತದೆ. ಆದುದರಿಂದಲೇ ಆಗಾಗ ರಕ್ತಪರೀಕ್ಷೆ. ಐ.ಎನ್.ಆರ್. ಎಂಬ ಸಂಖ್ಯೆ ಸಾಮಾನ್ಯರಲ್ಲಿ ಸುಮಾರು 1. ಈ ರೋಗಿಗಳಲ್ಲಿ ಅದು ಬಹುಮಟ್ಟಿಗೆ 2ರಿಂದ 3ರೊಳಗಿರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ನೆಟ್ಟಗಿದ್ದೇನೆಂದು ತಾವೇ ಗುಳಿಗೆ ನಿಲ್ಲಿಸಿದವರಿಗೆ ಹಳೆಯ ಅಪಾಯ ಮರಳುತ್ತದೆ. ಆಸ್ಪಿರಿನ್ ಇದಕ್ಕೆ ಬದಲಿಯಾಗಲಾರದು.

2010ರಿಂದೀಚೆಗೆ ಬಂದ ಹೊಸ ಮದ್ದುಗಳಿಗೆ ಇಂಥ ಪರೀಕ್ಷೆ ಬೇಕಿಲ್ಲ, ಮೆದುಳಿನ ರಕ್ತಸ್ರಾವವೂ ಕಡಮೆ. ಹಲವರಿಗೆ ಅವೇ ಮೇಲು. ಆದರೆ ನಮ್ಮಲ್ಲಿ ಇನ್ನೂ ಕಾಣುವ, ಎಳೆತನದ ಕೀಲುವಾತಜ್ವರದಿಂದ ಹೃದಯದ ಕವಾಟ ಕಿರಿದಾದವರ ಮಾತು ಬೇರೆ. 24 ದೇಶಗಳ ಸುಮಾರು 4,500 ಇಂಥ ರೋಗಿಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೊಸ ಮದ್ದು ರಿವರಾಕ್ಸಬಾನ್ ಸೇವಿಸಿದವರಿಗಿಂತ ವಾರ್ಫರಿನ್ ಗುಂಪಿನ ಹಳೆಯ ಮದ್ದು ಸೇವಿಸಿದವರಲ್ಲಿ ಸಾವುಗಳು ಕಡಮೆಯಾಗಿದ್ದವು.