ಹಳೆಯ ಬೋರ್ಡೊ: ರುಚಿ ವಯಸ್ಸಿನದೋ, ಮಿಶ್ರಣದ್ದೋ?

ವೈನ್ ಹಳೆಯದಾದಷ್ಟೂ ರುಚಿ ಹೆಚ್ಚುತ್ತದೆ ಎಂಬ ಮಾತನ್ನು ವೈನ್ ಕುಡಿಯದವರೂ ನಂಬುತ್ತಾರೆ. ಫ್ರಾನ್ಸಿನ ನೈಋತ್ಯ ಭಾಗದ ಬೋರ್ಡೊ ಸೀಮೆಯ ಕೆಂಪು ವೈನುಗಳು ಈ ನಂಬಿಕೆಯನ್ನು ಬೆಳೆಸಿದವುಗಳಲ್ಲಿ ಮುಖ್ಯವಾದವು. ಇಪ್ಪತ್ತು ಮೂವತ್ತು ವರ್ಷ ನೆಲಮಾಳಿಗೆಯಲ್ಲಿ ಮಲಗಿದ್ದ ಬಾಟಲಿಗಳು ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋಗುವುದನ್ನು ಕಂಡವರು ವಯಸ್ಸೇ ಅವುಗಳ ಗುಣ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಬೋರ್ಡೊದ ಅನುಭವವನ್ನೇ ಗಮನವಿಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರಬೇಕಾಗುತ್ತದೆ. ವೈನಿನಲ್ಲಿ ಮೊದಲಿಂದಲೂ ಇಲ್ಲದ ಸತ್ವವನ್ನು ಕಾಲ ತಂದು ತುಂಬಲಾರದು. ಇದ್ದದ್ದನ್ನು ಬದಲಾಯಿಸಬಲ್ಲದು, ಅಷ್ಟೇ. ಹಳೆಯ ಬೋರ್ಡೊ ಸವಿಯುವಾಗ ನಾವು ನಿಜವಾಗಿ ಅಳೆಯುವುದು ಅದನ್ನು ಬೆರೆಸಿದವರ ವಿವೇಕವನ್ನು.

ಅಲ್ಲಿ ಒಂದೇ ದ್ರಾಕ್ಷಿಯನ್ನು ನಂಬಿ ಕೂರುವಂತಿಲ್ಲ. ಅಟ್ಲಾಂಟಿಕ್ ಸಾಗರ ಹತ್ತಿರವಿರುವುದರಿಂದ ಮಳೆ, ಚಳಿಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ತಪ್ಪುತ್ತದೆ. ಜಿರೊಂದ್ ಅಳಿವೆಯ ಎಡದಂಡೆಯ ಮೆಡೋಕ್‌ನಲ್ಲಿ ಗರಸು ನೆಲ. ಅದು ಬಿಸಿಲಿನ ಕಾವು ಹಿಡಿದಿಟ್ಟು, ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೊನ್ ತಳಿಗೆ ನೆರವಾಗುತ್ತದೆ. ಬಲಕ್ಕೆ, ದೊರ್ದೊನ್ ನದಿಯಾಚೆಯ ಪೊಮೆರೊಲ್ ಮತ್ತು ಸ್ಯಾಂತ್ ಎಮಿಲಿಯೊನ್ ಕಡೆ ಜೇಡಿನೆಲ ಹೆಚ್ಚು. ಅಲ್ಲಿ ಬೇಗ ಮಾಗುವ ಮೆರ್ಲೊ ತಳಿಯದೇ ಮೇಲುಗೈ. ಶರತ್ಕಾಲದ ಮಳೆ ಬೇಗ ಬಂದರೆ ಕ್ಯಾಬರ್ನೆ ಕೆಡುತ್ತದೆ, ವಸಂತದಲ್ಲಿ ಚಳಿ ಉಳಿದರೆ ಮೊದಲು ಹೂಬಿಡುವ ಮೆರ್ಲೊ ಕೆಡುತ್ತದೆ. 2013ರಲ್ಲಿ ಆದದ್ದು ಇದೇ: ಮೆರ್ಲೊ ಹೂವು ಸರಿಯಾಗಿ ಕಾಯಿ ಕಚ್ಚಲಿಲ್ಲ. ಮಿಶ್ರಣ ಇಂಥ ನಷ್ಟಕ್ಕೆ ರೈತರು ಕಂಡುಕೊಂಡ ಉಪಾಯ. ಕ್ಯಾಬರ್ನೆ ಗಟ್ಟಿತನ ಕೊಡುತ್ತದೆ, ಮೆರ್ಲೊ ಮೈದುಂಬಿಸುತ್ತದೆ, ಕ್ಯಾಬರ್ನೆ ಫ್ರಾಂ ಪರಿಮಳ ಸೇರಿಸುತ್ತದೆ, ಪೆಟಿ ವರ್ಡೊ ಸ್ವಲ್ಪವೇ ಬಿದ್ದರೂ ಬಣ್ಣ ಗಾಢವಾಗುತ್ತದೆ. ಬೆರೆಸಿದರೆ ಶುದ್ಧತೆ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಶುದ್ಧ ತಳಿಯೆಂದು ಹೊಗಳಿಸಿಕೊಳ್ಳುವ ಕ್ಯಾಬರ್ನೆ ಸೊವಿನ್ಯೊನ್ ಕೂಡ ಕ್ಯಾಬರ್ನೆ ಫ್ರಾಂ ಮತ್ತು ಬಿಳಿ ದ್ರಾಕ್ಷಿಯಾದ ಸೊವಿನ್ಯೊನ್ ಬ್ಲಾಂ ಕೂಡಿ ಹುಟ್ಟಿದ್ದೆಂದು 1997ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಪೆಟ್ರೂಸ್‌ನಂಥ ಪೊಮೆರೊಲ್ ತೋಟ ಹೆಚ್ಚುಕಡಿಮೆ ಮೆರ್ಲೊ ಒಂದರಿಂದಲೇ ದಶಕಗಟ್ಟಲೆ ಬಾಳುವ ವೈನ್ ಮಾಡುತ್ತದೆ, ನಿಜ. ಅದು ಆ ಜೇಡಿನೆಲದ ಭಾಗ್ಯ. ಸೀಮೆಯ ಉಳಿದವರಿಗೆ ಅದು ದಕ್ಕದು.

ಇನ್ನು ಬಾಟಲಿಯೊಳಗಿನ ಕಾಲದ ಕೆಲಸ. ಎಳೆಯ ಬೋರ್ಡೊ ಬಾಯಿಗೆ ಹಾಕಿದರೆ ಅಡಿಕೆ ಜಗಿದಾಗಿನಂತೆ ನಾಲಗೆ ಹಿಡಿಯುತ್ತದೆ. ಆ ಒಗರು ಸಿಪ್ಪೆ, ಬೀಜಗಳಿಂದ ಬಂದ ಟ್ಯಾನಿನ್‌ನದು. 225 ಲೀಟರಿನ ಓಕ್ ಪೀಪಾಯಿಯಲ್ಲಿದ್ದಾಗ ಮರದಿಂದಲೂ ಸ್ವಲ್ಪ ಇಳಿದಿರುತ್ತದೆ. ಬಿರಡೆಯ ಮೂಲಕ ಅತಿ ನಿಧಾನವಾಗಿ ಒಳಸೇರುವ ಆಮ್ಲಜನಕದ ನೆರವಿನಿಂದ ಟ್ಯಾನಿನ್ ಕಣಗಳು ಪರಸ್ಪರ ಮತ್ತು ಬಣ್ಣದ ಕಣಗಳೊಡನೆ ಕೂಡಿಕೊಳ್ಳುತ್ತಾ ಹೋಗುತ್ತವೆ. ಒಂದು ಭಾಗ ಗಸಿಯಾಗಿ ತಳಕ್ಕಿಳಿಯುತ್ತದೆ. ಒಗರು ಮೆತ್ತಗಾಗುತ್ತದೆ, ನೇರಳೆ ಛಾಯೆಯ ಬಣ್ಣ ಮಾಣಿಕ್ಯವಾಗಿ, ಮುಂದೆ ಇಟ್ಟಿಗೆಯ ಕೆಂಪಾಗಿ ತಿರುಗುತ್ತದೆ. ಆದ್ದರಿಂದ ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ಅಂಚನ್ನು ನೋಡುವುದು ಒಣ ಆಚಾರವಲ್ಲ, ವೈನ್ ಎಷ್ಟು ದೂರ ಸಾಗಿದೆಯೆಂದು ಅಲ್ಲೇ ಗೊತ್ತಾಗುತ್ತದೆ. ವಾಸನೆಯೂ ಹಾಗೆಯೇ ಬದಲಾಗುತ್ತದೆ. ಮೊದಲಿನ ಕಪ್ಪು ಹಣ್ಣಿನ ಘಮ ಹಿಂದೆ ಸರಿದು ದೇವದಾರು, ತಂಬಾಕು, ಚರ್ಮ, ಅಣಬೆ, ಮಳೆಗೆ ನೆನೆದ ತರಗೆಲೆಗಳ ವಾಸನೆ ಮುಂದೆ ಬರುತ್ತದೆ. ನಾನು ಮುಖ್ಯವೆಂದು ಎಣಿಸುವ ಪರೀಕ್ಷೆ ಮಾತ್ರ ಇದರ ನಂತರದ್ದು: ಹಣ್ಣಿನ ರುಚಿ ಪೂರ್ತಿ ಆರಿಹೋಗದೆ ಹುಳಿ, ಒಗರುಗಳ ಜೊತೆ ಸಮತೂಕದಲ್ಲಿ ಉಳಿದಿದೆಯೇ, ನುಂಗಿದ ಮೇಲೂ ರುಚಿ ಬಾಯಲ್ಲಿ ನಿಲ್ಲುತ್ತದೆಯೇ? ಮೊದಲೇ ತೆಳುವಾಗಿದ್ದ ವೈನಿನಲ್ಲಿ ಹಣ್ಣು ಮೊದಲು ಸಾಯುತ್ತದೆ, ಒಗರು ಮತ್ತು ಹುಳಿ ಉಳಿಯುತ್ತವೆ. ಎಷ್ಟು ವರ್ಷ ಕಾದರೂ ಅದು ಸುಧಾರಿಸದು.

ಇದೆಲ್ಲ ಶ್ರೀಮಂತರ ಕಲ್ಪನಾವಿಲಾಸ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ರೆದೆರಿಕ್ ಬ್ರೊಶೆ ಮತ್ತು ಸಂಗಡಿಗರು ಬಿಳಿ ಬೋರ್ಡೊಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಬೋರ್ಡೊ ವಿಶ್ವವಿದ್ಯಾಲಯದ 54 ವೈನ್ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. ಕಣ್ಣು ಮೂಗನ್ನು ಎಳೆದೊಯ್ಯುತ್ತದೆ ಎಂಬುದು ಇದರಿಂದ ಸ್ಪಷ್ಟ. ವೈನುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂಬುದು ಮಾತ್ರ ಇದರಿಂದ ಸಿದ್ಧವಾಗುವುದಿಲ್ಲ. ಲೇಬಲ್ ಮುಚ್ಚಿ ಸವಿಯಬೇಕು ಎಂಬ ಪಾಠವನ್ನು ಇಲ್ಲಿಂದ ಕಲಿಯಬಹುದು. ಹಾಗೆ ಮುಚ್ಚಿಟ್ಟಾಗ ಫ್ರೆಂಚರ ಹೆಮ್ಮೆಗೇ ಪೆಟ್ಟು ಬಿದ್ದದ್ದುಂಟು. 1976ರ ಮೇ 24ರಂದು ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್‌ನಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್‌ನ 1973ರ ಕೆಂಪು ವೈನನ್ನು ಬೋರ್ಡೊದ 1970ರ ಮೂತೊ ರಾಥ್‌ಶಿಲ್ಡ್‌ಗಿಂತ ಮೇಲಿಟ್ಟರು. ಬೋರ್ಡೊ ಮಾಗಲು ಸಮಯ ಬೇಕು, ವರ್ಷಗಳು ಉರುಳಲಿ ಎಂಬ ಸಮಾಧಾನ ಕೇಳಿಬಂತು. 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ಸವಿದಾಗ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ರಿಡ್ಜ್ ಮಾಂಟೆ ಬೆಲ್ಲೊಗೆ ಸಂದಿತು, ಮೊದಲ ಐದೂ ಅಲ್ಲಿನವೇ ಆದವು. ಹಾಗೆಂದು ಬೋರ್ಡೊ ಮಾಗುವುದಿಲ್ಲ ಎಂದಾಗಲಿಲ್ಲ. ಮಾಗುವ ಶಕ್ತಿ ಊರಿನ ಹೆಸರಿನಲ್ಲಾಗಲಿ ಬರೀ ವರ್ಷಗಳಲ್ಲಾಗಲಿ ಇಲ್ಲ, ಮೊದಲ ದಿನದ ಸಮತೂಕದಲ್ಲಿದೆ ಎಂಬುದು ಗಟ್ಟಿಯಾಯಿತು.

ಬೆಲೆಯನ್ನೂ ಇದೇ ಎಚ್ಚರದಿಂದ ನೋಡಬೇಕು. ಇಂದಿಗೂ ಲೇಬಲ್‌ಗಳ ಮೇಲೆ ಮೆರೆಯುವ, ಬೋರ್ಡೊ ವೈನುಗಳ 1855ರ ಶ್ರೇಣಿಪಟ್ಟಿಯನ್ನು ದಲ್ಲಾಳಿಗಳು ಆಗಿನ ಮಾರುಕಟ್ಟೆ ದರದ ಆಧಾರದ ಮೇಲೆ ತಯಾರಿಸಿದ್ದರು. ಅದರ ದೊಡ್ಡ ತಿದ್ದುಪಡಿಯೆಂದರೆ 1973ರಲ್ಲಿ ಮೂತೊ ಮೊದಲ ದರ್ಜೆಗೆ ಏರಿದ್ದು. ಮಿಶ್ರಣದ ರುಚಿ ಕಲಿಯಲು ಆ ಪಟ್ಟಿಯ ವೈನೇ ಬೇಕೆಂದಿಲ್ಲ. ನಂದಿಬೆಟ್ಟದ ಬಳಿಯ ಗ್ರೋವರ್ ತೋಟಕ್ಕೆ ಪೊಮೆರೊಲ್‌ನ ತಜ್ಞ ಮಿಶೆಲ್ ರೊಲಾಂ ಸಲಹೆ ನೀಡಿದ್ದರು. ಅಲ್ಲಿನ ವೈನಾದ ಲಾ ರಿಸರ್ವ್‌ನಲ್ಲಿ ಕ್ಯಾಬರ್ನೆ ಮತ್ತು ಶಿರಾಜ್ ಕೂಡಿವೆ. ಹಳೆಯ ಬೋರ್ಡೊ ಕೈಗೆ ಸಿಕ್ಕಿದವರು ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿ ಇಳಿಯಲು ಬಿಡಬೇಕು, ಸುಮಾರು 17 ಡಿಗ್ರಿಯಲ್ಲಿ ಬಡಿಸಬೇಕು, ಅತಿ ಹಳೆಯದಾದರೆ ತೆರೆದ ಮೇಲೆ ಹೆಚ್ಚು ಹೊತ್ತು ಗಾಳಿಗೆ ಇಡಬಾರದು. ಕೂಡಿಡಲು ಆಸೆಪಡುವವರಿಗೆ ಒಂದು ಮಾತು: ಮಾಗಲು 12-13 ಡಿಗ್ರಿಯ ಸ್ಥಿರ ತಂಪು ಬೇಕು, ನಮ್ಮ ಮನೆಗಳ ಕಪಾಟಿನಲ್ಲಿ ಅದು ಸಿಗುವುದಿಲ್ಲ. ಬೋರ್ಡೊದ ಕೆಂಪು ವೈನಿನಲ್ಲೂ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದ್ದು. ತಂಪು ನೆಲೆ ಇಲ್ಲದವರು ಅಂಥ ಬಾಟಲಿಯನ್ನು ಕೊಂಡ ವರ್ಷವೇ ತೆರೆಯಲಿ.